ಬಣ್ಣಗಾರರ ಓಣಿಯ ಪಟ

ಕುಳಿತುಕೊಳ್ಳಿ. ನಡುವೆ ಮಾತಾಡಬೇಡಿ.

ಕೆಂಚನಗಡ ಅಂತ ಒಂದು ರಾಜ್ಯ. ಅಲ್ಲಿ ಹೊನ್ನರಸ ಅಂತ ಒಬ್ಬ ರಾಜ. ಕೆಟ್ಟವನಲ್ಲ. ಕುದುರೆಯಿಂದ ಬಿದ್ದು ಸೊಂಟ ಮುರಿದಿತ್ತು. ಅರಮನೆಯ ಮೆಟ್ಟಿಲು ಇಳಿದು ಹನ್ನೆರಡು ವರ್ಷ ಆಗಿತ್ತು. ಊರು ನೋಡದೆ ಊರು ಆಳುವುದು ಹೇಗೆ? ಪಟ ನೋಡಿ ಆಳುತ್ತಿದ್ದ.

ಪಟ ತೆಗೆಯುವವಳು ತುಳಜವ್ವ. ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸುವಳು. ಕರೀ ಬಟ್ಟೆ ಹೊದೆಯುವಳು. ಬೀದಿಯನ್ನು ಹಾಗೇ ಗಾಜಿನ ಮೇಲೆ ಹಿಡಿಯುವಳು. ಆ ಗಾಜಿನ ಕೆಳಗೆ ಕಾಗದ ಇಟ್ಟು ಬಿಸಿಲಿಗೆ ಒಡ್ಡಿದರೆ ಪಟ ಮೂಡುವುದು. ಕಪ್ಪು, ಬಿಳುಪು. ಬೇರೆ ಬಣ್ಣ ಇಲ್ಲ.

ತಿದ್ದುತ್ತಿರಲಿಲ್ಲವೇ? ತಿದ್ದುತ್ತಿದ್ದಳು. ಧೂಳಿನ ಚುಕ್ಕೆ ಬಿದ್ದಿದ್ದರೆ ಮುಚ್ಚುವಳು. ಕತ್ತಲಾದ ಮುಖಕ್ಕೆ ತುಸು ಬೆಳಕು ಕೊಡುವಳು. ಅಲ್ಲಿಗೆ ಸೀಸದ ಕಡ್ಡಿ ಕೆಳಗಿಡುವಳು.

ಸೋಮವಾರಕ್ಕೊಮ್ಮೆ ಪಟವನ್ನೂ ಗಾಜನ್ನೂ ಅರಮನೆಗೆ ಒಯ್ಯುವಳು. ಕಾಗದ ರಾಜನ ಕೈಗೆ. ಗಾಜು ಉಗ್ರಾಣಕ್ಕೆ. ಗಾಜನ್ನು ರಾಜ ಎಂದೂ ನೋಡಿದವನಲ್ಲ.

ಆ ರಾಜನಿಗೊಬ್ಬ ದಿವಾನ. ಹೆಸರು ಜಗದೇವ. ಅವನಿಗೆ ಹೊಳೆಯ ದಂಡೆಯಲ್ಲಿ ಬಂಗಲೆ ಕಟ್ಟುವ ಆಸೆ. ದಂಡೆಯಲ್ಲಿ ಬಣ್ಣಗಾರರ ಓಣಿ. ನಲವತ್ತು ಮನೆ. ಬಟ್ಟೆಗೆ ನೀಲಿ ಹಾಕಿ ಬದುಕುವ ಜನ.

ದಿವಾನ ರಾಜನ ಹತ್ತಿರ ಹೋದ.

"ಬುದ್ಧೀ, ಆ ಓಣಿ ಹಾಳು ಬಿದ್ದಿದೆ. ನನಗೆ ಕೊಡಿಸಿ."

"ಜನ ಇದ್ದರಲ್ಲೋ ಅಲ್ಲಿ?"

"ಬಿಟ್ಟು ಹೋದರು ಬುದ್ಧೀ. ಈಗ ನಾಯಿಯೂ ಇಲ್ಲ."

"ಸೋಮವಾರ ಪಟ ಬರಲಿ. ಖಾಲಿ ಇದ್ದರೆ ನಿನಗೆ. ಅಂದೇ ಮೊಹರು ಒತ್ತುತ್ತೇನೆ."

ತುಳಜವ್ವ ಪಟ ತೆಗೆಯಲು ಹೋದಾಗ ದಿವಾನ ಅಲ್ಲೇ ಇದ್ದ. ಹಗ್ಗ ಹಿಡಿದು ಓಣಿಯ ಅಗಲ ಅಳೆಯುತ್ತಿದ್ದ. ಅವನೂ ಗಾಜಿನ ಮೇಲೆ ಮೂಡಿದ.

ಮೊದಲ ದಿನ ದಿವಾನ ಅವಳ ಮನೆಗೆ ಬಂದ. ಬಾಗಿಲಿಗೆ ಇಬ್ಬರು ಕಾವಲಿನವರನ್ನು ನಿಲ್ಲಿಸಿದ. ಪಟದಲ್ಲಿ ಬಿದಿರಿನ ಗಳುವಿನ ಮೇಲೆ ಬಟ್ಟೆ ತೂಗುತ್ತಿದ್ದವು.

"ಈ ಬಟ್ಟೆ ತೆಗಿ."

"ಒಣಗಿದ ಮೇಲೆ ಅವರೇ ತೆಗೀತಾರೆ."

"ನಾಲಿಗೆ ಉದ್ದ ಆಯ್ತು ಮುದುಕಿ. ಪಟದಿಂದ ತೆಗಿ. ಇಲ್ಲಾಂದ್ರೆ ನಿನ್ನ ಹೆಬ್ಬೆರಳು ತೆಗೆಸ್ತೀನಿ."

ಹೆಬ್ಬೆರಳು ಹೋದರೆ ಕಡ್ಡಿ ಹಿಡಿಯುವುದು ಯಾವುದರಿಂದ? ತುಳಜವ್ವ ಕೂತಳು. ಗಾಜಿನಲ್ಲಿ ಎಲ್ಲ ತಿರುಗುಮುರುಗು. ಗಾಜಿಗೆ ಕರಿ ಬಳಿದರೆ ಕಾಗದದಲ್ಲಿ ಬಿಳಿ. ಗಾಜಿನ ಬೆನ್ನಿಗೆ ಸೀಸ ಬಳಿದಳು. ಬಟ್ಟೆ ಹೋಯಿತು. ಬಿಳೀ ಬಿಸಿಲು ಉಳಿಯಿತು.

ಎರಡನೆಯ ದಿನ ಬಂದ.

"ಈ ಹೊಗೆ ತೆಗಿ. ಒಲೆ ಉರಿದರೆ ಜನ ಇದ್ದಂತೆ."

ಹೊಗೆ ಹೋಯಿತು.

ಮೂರನೆಯ ದಿನ ಬಂದ.

"ಈಗ ಜನರನ್ನ ತೆಗಿ."

"ಎಲ್ಲರನ್ನೂ?"

"ಎಲ್ಲರನ್ನೂ."

"ಹಗ್ಗ ಹಿಡಿದು ನೀವೂ ನಿಂತಿದ್ದೀರಿ."

ದಿವಾನ ಬಗ್ಗಿ ನೋಡಿದ. "ನನ್ನನ್ನ ಮೊದಲು ತೆಗಿ! ಬಳೀತಾ ಕೂರಬೇಡ. ಚಾಕು ಹಿಡಿದು ಕೆರೆದು ಹಾಕು."

ತುಳಜವ್ವನ ಕೈ ನಿಂತಿತು. ಬಳಿದದ್ದು ಒದ್ದೆ ಬಟ್ಟೆಗೆ ಹೋಗುತ್ತದೆ. ಕೆರೆದದ್ದು ಹೋಯಿತು ಅಂದರೆ ಹೋಯಿತು. ಇದು ಅವಳಿಗೆ ಗೊತ್ತು. ದಿವಾನನಿಗೆ ಗೊತ್ತಿಲ್ಲ.

"ಕೆರೆದರೆ ಕರೀ ಕಲೆ ಬೀಳ್ತದೆ," ಅಂದಳು. "ಅರಸರ ಕಣ್ಣು ಚುರುಕು."

ಅದೂ ನಿಜವೇ. ದಿವಾನ ಗೊಣಗಿದ. "ಸರಿ, ಬಳಿ."

ದಿವಾನನನ್ನು ಮುಚ್ಚಿದಳು. ಆಮೇಲೆ ಒಬ್ಬೊಬ್ಬರನ್ನೇ ಮುಚ್ಚಿದಳು. ಹಂಡೆ ಕಲಕುವ ಸಾಬವ್ವ. ಮಗು ಎತ್ತಿಕೊಂಡ ನರಸಕ್ಕ. ಕುಂಟ ಗಾದಿಲಿಂಗ. ಮುಚ್ಚುವಾಗ ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲೇ ಹೇಳಿಕೊಂಡಳು. ಇವರು ಎಲ್ಲಿಗೆ ಹೋಗುತ್ತಾರೆ? ಹೊಳೆ ಬಿಟ್ಟರೆ ಬಣ್ಣಕ್ಕೆ ನೀರೆಲ್ಲಿ?

ಸೋಮವಾರ ಬಂತು.

ರಾಜ ಪಟ ಹಿಡಿದು ನೋಡಿದ. ಖಾಲಿ ಓಣಿ. ಬೆಳ್ಳಗೆ ಬಿಸಿಲು. ಮೊಹರಿಗೆ ಅರಗು ದೀಪದ ಮೇಲೆ ಕಾಯುತ್ತಿತ್ತು.

"ಇದೇ ಏನವ್ವ ಓಣಿ?"

ದಿವಾನ ಅವಳ ಪಕ್ಕದಲ್ಲೇ ನಿಂತಿದ್ದ. ಅವಳ ಬಲಗೈಯನ್ನೇ ನೋಡುತ್ತಿದ್ದ.

ತುಳಜವ್ವ ಚೀಲದಿಂದ ಗಾಜು ತೆಗೆದಳು. ರಾಜನ ಮುಂದೆ ಒಂದು ತಂಬಿಗೆ ನೀರಿತ್ತು. ಸೆರಗಿನ ತುದಿ ಅದರಲ್ಲಿ ಅದ್ದಿದಳು. ಗಾಜಿನ ಬೆನ್ನು ಒರೆಸಿದಳು. ಒಮ್ಮೆ ಒರೆಸಿದಳು. ಎರಡು ಸಲ ಒರೆಸಿದಳು. ಮೂರು ಸಲ ಒರೆಸಿದಳು. ಸೆರಗು ಕಪ್ಪಾಯಿತು.

"ಇದು ಓಣಿ, ಬುದ್ಧೀ."

ರಾಜ ಗಾಜನ್ನು ಕಿಟಕಿಗೆ ಹಿಡಿದ. ಬೆಚ್ಚಿಬಿದ್ದ. ಕರೀ ಮುಖಗಳು. ಬಿಳೀ ಕೂದಲು. ಬಿಳೀ ಕಣ್ಣುಪಾಪೆ.

"ದೆವ್ವ ಬುದ್ಧೀ, ದೆವ್ವ!" ದಿವಾನ ಕೂಗಿದ. "ಹಾಳು ಜಾಗ ಅಂತ ನಾನು ಹೇಳಲಿಲ್ಲವೇ? ಇವಳು ಮಾಟಗಾತಿ. ಹಿಡೀರಿ ಇವಳ ಕೈ!"

ಕಾವಲಿನವರು ಹಿಡಿದರು. ಒಬ್ಬ ಕತ್ತಿ ಹಿರಿದ.

"ಗಾಜಿನಲ್ಲಿ ಎಲ್ಲ ತಿರುಗುಮುರುಗು ಬುದ್ಧೀ," ಅಂದಳು ತುಳಜವ್ವ. "ಬಿಸಿಲಿಗೆ ಇಡ್ತೀನಿ. ನಿಮ್ಮ ಎದುರಿಗೇ. ಕಾಗದದಲ್ಲಿ ದೆವ್ವ ಬಂದರೆ ಬೆರಳಲ್ಲ, ಕೈ ತಗೊಳ್ಳಿ."

ರಾಜ ಯೋಚಿಸಿದ. "ಬಿಡಿ ಅವಳನ್ನ."

ಅವಳು ಚೀಲದಿಂದ ಹೊಸ ಕಾಗದ ತೆಗೆದಳು. ಗಾಜಿನ ಕೆಳಗೆ ಇಟ್ಟಳು. ಅಂಗಳದ ಬಿಸಿಲು ಸಿಂಹಾಸನದ ಮುಂದೆ ಬೀಳುತ್ತಿತ್ತು. ಅಲ್ಲೇ ಕೂತಳು.

ಕಾಗದ ಬೆಳ್ಳಗೇ ಇತ್ತು.

ದಿವಾನ ಮೆಲ್ಲಗೆ ಸರಿದ. ಬಿಸಿಲಿಗೆ ಅಡ್ಡ ನಿಂತ. ಅವನ ನೆರಳು ಗಾಜಿನ ಮೇಲೆ ಬಿತ್ತು.

"ದಿವಾನರೇ," ಅಂದ ರಾಜ. "ಈಚೆ ಬನ್ನಿ."

"ಸೆಕೆ ಬುದ್ಧೀ. ಮುದುಕಿಗೆ ನೆರಳು ಮಾಡ್ತಿದ್ದೆ."

"ಇಷ್ಟು ವರ್ಷ ಇಲ್ಲದ ಕರುಣೆ. ಈಚೆ ಬನ್ನಿ."

ಮತ್ತೆ ಬಿಸಿಲು ಬಿತ್ತು. ಕಾಗದ ಕಂದಿತು. ಗೋಡೆ ಮೂಡಿತು. ಗಳು ಮೂಡಿತು. ತೂಗುವ ಬಟ್ಟೆ ಮೂಡಿತು. ಒಂದು ಬಾಗಿಲು ಮಾತ್ರ ಬೇಗ ಬೇಗ ಕಪ್ಪಾಗತೊಡಗಿತು. ತುಳಜವ್ವ ಗಾಜಿನ ಆ ಜಾಗದ ಮೇಲೆ ಬೆರಳು ಅಡ್ಡ ಹಿಡಿದಳು. ಅಷ್ಟು ಜಾಗಕ್ಕೆ ಬಿಸಿಲು ತಪ್ಪಿಸಿದಳು.

"ನೋಡಿ, ನೋಡಿ! ಕೈ ಆಡಿಸ್ತಿದ್ದಾಳೆ! ತಿದ್ತಿದ್ದಾಳೆ!"

"ಏನು ಮಾಡ್ತಿದ್ದೀಯ?" ರಾಜ ಕೇಳಿದ.

"ಆ ಬಾಗಿಲಲ್ಲಿ ಅಜ್ಜಿ ಕೂತಿದಾಳೆ ಬುದ್ಧೀ. ಬಿಟ್ಟರೆ ಕತ್ತಲಲ್ಲಿ ಮುಚ್ಚಿಹೋಗ್ತಾಳೆ. ಇರೋದನ್ನ ಕಾಣಿಸ್ತೀನಿ. ಇಲ್ಲದ್ದನ್ನ ತರೋದಿಲ್ಲ."

ಹತ್ತು ಎಣಿಸಿ ಬೆರಳು ತೆಗೆದಳು. ಅಷ್ಟೇ ತಿದ್ದಿದ್ದು.

ಜನ ಬಂದರು. ಸಾಬವ್ವ ಬಂದಳು. ನರಸಕ್ಕ ಬಂದಳು. ಗಾದಿಲಿಂಗ ಕೋಲೂರಿಕೊಂಡು ಬಂದ. ಕರೀ ಬಾಗಿಲಲ್ಲಿ ಅಜ್ಜಿಯ ಸುಕ್ಕುಮುಖ ಬಂತು. ಕಡೆಗೆ ಎಲ್ಲರ ನಡುವೆ ಒಂದು ರುಮಾಲು ಬಂತು. ರುಮಾಲಿನ ಕೆಳಗೆ ಮೀಸೆ. ಮೀಸೆಯ ಕೆಳಗೆ ಹಗ್ಗ ಹಿಡಿದ ಎರಡು ಕೈ.

ರಾಜ ಕಾಗದ ನೋಡಿದ. ದಿವಾನನನ್ನು ನೋಡಿದ. ಮತ್ತೆ ಕಾಗದ ನೋಡಿದ.

"ದೆವ್ವಗಳ ಓಣಿಯಲ್ಲಿ ಹಗ್ಗ ಹಿಡಿದು ಏನು ಮಾಡ್ತಿದ್ದಿರಿ ದಿವಾನರೇ?"

ದಿವಾನ ಎರಡೂ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟ.

"ನಾಯಿಯೂ ಇಲ್ಲ ಅಂದಿರಿ. ಇಲ್ಲಿ ನಿಮ್ಮ ಕಾಲು ಮೂಸ್ತಾ ನಿಂತಿದೆ."

ಸಭೆ ನಕ್ಕಿತು. ರಾಜ ನಗಲಿಲ್ಲ. ಅರಗಿನ ದೀಪ ಆರಿಸಿದ. ತುಳಜವ್ವನ ಕಡೆ ತಿರುಗಿದ.

"ಸುಳ್ಳು ಪಟ ಮಾಡಿದವಳೂ ನೀನೇ. ಮೊದಲೇ ಯಾಕೆ ಹೇಳಲಿಲ್ಲ?"

"ಹೆದರಿಕೆ ಬುದ್ಧೀ."

"ಈಗ?"

"ಈಗಲೂ ಇದೆ."

ರಾಜ ಅವಳ ತಪ್ಪನ್ನು ಮನ್ನಿಸಿದ. ಆಮೇಲೆ ಬಣ್ಣಗಾರರ ಹೆಸರಿಗೇ ಆ ಓಣಿಯನ್ನು ಬರೆಸಿದ. ಜಗದೇವನ ದಿವಾನಗಿರಿ ಕಿತ್ತುಕೊಂಡ. ಒಂದು ವರ್ಷ ಅದೇ ಓಣಿಯಲ್ಲಿ ಹೊಳೆಯಿಂದ ನೀರು ಹೊರುವ ಕೆಲಸ ಕೊಟ್ಟ. ಹೊತ್ತ. ಬಣ್ಣದ ಹಂಡೆಗೆ ಸುರಿದು ಸುರಿದು ಕೈ ಮೊಣಕೈವರೆಗೆ ನೀಲಿಯಾಯಿತು. ಉಜ್ಜಿದರೂ ಹೋಗಲಿಲ್ಲ.

ನೀತಿ ಕೇಳಿ. ತಿದ್ದುವುದು ತಪ್ಪಲ್ಲ. ಕಾಣದವರನ್ನು ಕಾಣಿಸುವಷ್ಟು ತಿದ್ದಿ. ಇದ್ದವರನ್ನು ಇಲ್ಲ ಅನ್ನಿಸುವಷ್ಟು ತಿದ್ದಬೇಡಿ. ಎಲ್ಲಿ ನಿಲ್ಲಬೇಕು ಅಂತ ತಿಳಿದ ಕೈಯೇ ಒಳ್ಳೆಯ ಕೈ.