ಅರ್ಧ ರೊಟ್ಟಿಯ ಮನೆ

ನಾನು ಮೊದಲ ಸಲ ಯಾರಿಗೂ ಹೇಳದೆ ಎದ್ದು ನಡೆದದ್ದು ನಾಗರಪಂಚಮಿಯ ದಿನ.

ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನನ್ನ ಸರದಿ ಬರಲು ಇನ್ನೂ ಹೊತ್ತಿತ್ತು. ರಸ್ತೆಯ ಮೇಲೆ ಒಂದು ಲಾರಿ ನಿಂತಿತ್ತು. ಹತ್ತಿ ಕೂತೆ. ಜೇಬಿನಲ್ಲಿ ಎಳ್ಳುಂಡಿ ಇದ್ದವು. ಏಳನೇ ಇಯತ್ತೆಯ ಪುಸ್ತಕಗಳು ಮನೆಯಲ್ಲೇ ಉಳಿದವು.

ಆಮೇಲೆ ಎದ್ದು ನಡೆಯುವುದು ರೂಢಿಯಾಯಿತು. ಕ್ಲೀನರ್ ಆದೆ, ಡ್ರೈವರ್ ಆದೆ. ಒಬ್ಬ ಮಾಲಕನನ್ನು ಬಿಟ್ಟು ಇನ್ನೊಬ್ಬನ ಹತ್ತಿರ, ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ. ಹೋಗುವಾಗ ಹೇಳಿ ಹೋದದ್ದು ನೆನಪಿಲ್ಲ.

ಕೊನೆಗೆ ನಾನು ಬಿಡುವ ಮೊದಲೇ ಸ್ಟೇರಿಂಗು ನನ್ನನ್ನು ಬಿಟ್ಟಿತು. ಬಲಗಣ್ಣಿಗೆ ಮಸುಕು ಬಂತು. ಎದುರಿನ ಗಾಡಿಯ ದೀಪ ಬಿದ್ದರೆ ರಸ್ತೆಯೇ ಅಳಿಸಿಹೋಗುತ್ತಿತ್ತು. ಇದು ವಾಸಿಯಾಗುವುದಲ್ಲ ಎಂದರು ಡಾಕ್ಟರು. ಕೀಲಿಕೈಯನ್ನು ಮಾಲಕನ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ.

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಒಬ್ಬರು ವಯಸ್ಸಾದ ಸ್ವಾಮಿಗಳು; ಊರವರಿಗೆಲ್ಲ ಅಜ್ಜಾರು. ಹೋಗಿ ಕಾಲಿಗೆ ಬಿದ್ದೆ.

“ಏನ ಹೆಸರು?”

“ಯಮನಪ್ಪ ಅಂತರಿ.”

“ಏನ ಬೇಕಾಗಿತ್ತು ಯಮನಪ್ಪಾ?”

“ಮುಂದ ಯಾವ ಕೆಲಸ ಹಿಡೀಬೇಕು ಅನ್ನೋದು ಗೊತ್ತಾಗಬೇಕ್ರಿ ಅಜ್ಜಾರ. ಈ ಸಲ ಹಿಡಿದದ್ದು ಕೈ ಬಿಡಬಾರದು. ಬಿಟ್ಟು ಬಿಟ್ಟು ಸಾಕಾಗೇತಿ.”

“ಇಲ್ಲೀತನಕ ಯಾರನ್ನ ಕೇಳಿದಿ?”

ಜೇಬಿನಿಂದ ಫೋನು ತೆಗೆದು ತೋರಿಸಿದೆ. “ಇದರಾಗ ಎಐ ಐತ್ರಿ. ಮನುಷ್ಯಾರ ಗತೆ ಮಾತಾಡ್ತೈತಿ. ದಿನಾ ಕೇಳ್ತೀನಿ.”

“ಏನಂತೈತಿ?”

“ಒಂದ ದಿನ ಪಂಕ್ಚರ್ ಅಂಗಡಿ ಅಂತೈತಿ. ಒಂದ ದಿನ ಗೋದಾಮಿನ ಕಾವಲು. ಒಂದ ದಿನ ಡ್ರೈವಿಂಗ್ ಕಲಿಸೋ ಶಾಲೆ. ಎಲ್ಲಾನೂ ಚಲೋನ ಕಾಣತಾವು. ಅದಕ್ಕ ತಲಿ ಕೆಟ್ಟೈತ್ರಿ.”

“ಮಾತಾಡ್ಸು ನೋಡೋಣು.”

ಗುಂಡಿ ಒತ್ತಿದೆ. ಫೋನು ಹೇಳಿತು: “ನಮಸ್ಕಾರ, ಯಮನಪ್ಪ ಅವರೇ. ನಿನ್ನೆಯ ಮಾತನ್ನು ಮುಂದುವರಿಸೋಣವೇ?”

ಅಜ್ಜಾರು ಕಿವಿಗೊಟ್ಟು ಕೇಳಿದರು.

“ಭಾಳ ಸಭ್ಯ ಐತಿ. ಇಲ್ಲೆ ನಿನಗ ಯಾರೂ ‘ಅವರೇ’ ಅನ್ನಂಗಿಲ್ಲ, ಮೊದಲ ಹೇಳೀನಿ.”

ಗೋಡೆಯ ಗೂಟದಲ್ಲಿ ಒಂದು ಜೋಳಿಗೆ ತೂಗುತ್ತಿತ್ತು. ಅದರ ಕಡೆ ಕೈ ಮಾಡಿದರು.

“ದಿನಾ ನಾನ ಹೋಗ್ತಿದ್ದೆ. ನಾಳೆಯಿಂದ ಭಿಕ್ಷಾಕ್ಕ ನೀ ಹೋಗು.”

ಆ ಮಠದಲ್ಲಿ ಒಲೆ ಹಚ್ಚುವುದಿಲ್ಲ. ಮುಂಜಾನೆ ಒಬ್ಬರು ಜೋಳಿಗೆ ಹೆಗಲಿಗೆ ಹಾಕಿಕೊಂಡು ಊರೊಳಗೆ ಹೋಗಬೇಕು. ಹೊಳೆಯ ಕಡೆಯ ಮೊದಲ ಮನೆಯಿಂದ ಹಿಡಿದು ಒಂದು ಬಾಗಿಲನ್ನೂ ಬಿಡದೆ ನಿಲ್ಲಬೇಕು. ಇಂಥದು ಕೊಡಿ ಎನ್ನುವಂತಿಲ್ಲ, ಇದು ಬೇಡ ಎನ್ನುವಂತಿಲ್ಲ. ಎಲ್ಲ ಮನೆಯದೂ ಒಂದೇ ಜೋಳಿಗೆಯಲ್ಲಿ ಬೀಳಬೇಕು. ತಂದದ್ದನ್ನು ಕಲೆಸಿ ಮಠದಲ್ಲಿದ್ದವರು ತಿನ್ನಬೇಕು.

ಕೊನೆಯ ಮನೆ ತಿಪ್ಪವ್ವ ಎಂಬ ಮುದುಕಿಯದು. ಊರು ಮುಗಿದ ಮೇಲೆ ಹಳ್ಳ ದಾಟಿ, ಏರು ಹತ್ತಿ ಹೋಗಬೇಕು. ಆಕೆ ಒಂದೇ ರೊಟ್ಟಿ ಮಾಡುತ್ತಿದ್ದಳು. ಅದನ್ನು ಮುರಿದು ಅರ್ಧ ಜೋಳಿಗೆಗೆ ಹಾಕುತ್ತಿದ್ದಳು.

“ಬಂತಪಾ ಲಾರಿ,” ಎನ್ನುತ್ತಿದ್ದಳು ನನ್ನನ್ನು ಕಂಡ ಕೂಡಲೇ. “ಏನ ಲೋಡು ಇವತ್ತ?”

ನಾನು ನಕ್ಕಂತೆ ಮಾಡಿ ತಿರುಗುತ್ತಿದ್ದೆ. ಕಾಲು ಸೋತಿರುತ್ತಿದ್ದವು. ಕೂತು ದಾರಿ ಸವೆಸಿದವನಿಗೆ ನಡೆದು ಗೊತ್ತಿಲ್ಲ.

ಉಂಡ ಮೇಲೆ ದಿನಾ ಅಜ್ಜಾರನ್ನು ಕೇಳುತ್ತಿದ್ದೆ.

“ನನ್ನ ಕೆಲಸದ ವಿಚಾರ ಏನಾತ್ರಿ?”

“ಇವತ್ತ ಭಿಕ್ಷಾ ಹೆಂಗಾತು?”

“ಚಲೋ ಆತ್ರಿ. ಗೌಡರ ಮನ್ಯಾಗ ಚಪಾತಿ. ಕುಂಬಾರರ ಮನ್ಯಾಗ ಎಣ್ಣಿಗಾಯಿ.”

“ಗೌಡತಿ ಮಾರಿ ಹೆಂಗಿತ್ತು, ನಗತಿತ್ತೋ ಬಾಡಿತ್ತೋ?”

“ಮಾರಿ ನೋಡಲಿಲ್ರಿ. ಜೋಳಿಗಿ ನೋಡಾಕತ್ತಿದ್ದೆ.”

“ಹೂಂ,” ಎಂದು ಅಜ್ಜಾರು ಕೈ ತೊಳೆಯಲು ಏಳುತ್ತಿದ್ದರು. ಅಷ್ಟೇ ಮಾತು.

ಇದು ಹೀಗೇ ನಡೆದರೆ ನಾನು ಇಲ್ಲೇ ಮುದುಕನಾಗುತ್ತೇನೆ ಅನಿಸಿತು. ಒಂದು ದಿನ ಮಠದ ಕಟ್ಟೆಯ ಮೇಲೆ ಕೂತು ಫೋನಿಗೆ ಎಲ್ಲ ಹೇಳಿದೆ. ಯಾವ ಮನೆ ಎಲ್ಲಿದೆ, ಯಾರ ಮನೆಯಲ್ಲಿ ಏನು ಕೊಡುತ್ತಾರೆ, ಯಾರ ಕೈ ದೊಡ್ಡದು, ಯಾರ ಕೈ ಸಣ್ಣದು. ಜೋಳಿಗೆ ಬೇಗ ತುಂಬಲು ಹೇಗೆ ಹೋಗಬೇಕು ಎಂದು ಕೇಳಿದೆ.

ಮಠದ ರೂಢಿಯನ್ನು ಮಾತ್ರ ಹೇಳಲಿಲ್ಲ.

ಅದು ದಾರಿ ಹಾಕಿಕೊಟ್ಟಿತು. ಅಚ್ಚುಕಟ್ಟಾದ ದಾರಿ. ಕೊನೆಗೆ ಹೇಳಿತು: “ಹಳ್ಳದಾಚೆಯ ಮನೆಯನ್ನು ಬಿಟ್ಟರೆ ನಿಮಗೆ ತುಂಬ ನಡಿಗೆ ಉಳಿಯುತ್ತದೆ. ಅಲ್ಲಿ ಸಿಗುವುದೂ ಕಡಿಮೆ.”

ಮರುದಿನ ಹಾಗೇ ಹೋದೆ. ಬಿಸಿಲು ಏರುವ ಮೊದಲೇ ತಿರುಗಿ ಬಂದೆ. ಜೋಳಿಗೆಯ ಭಾರಕ್ಕೆ ಹೆಗಲು ಜಗ್ಗುತ್ತಿತ್ತು. ಒಂದು ಮನೆಯಲ್ಲಿ ಹಬ್ಬದ ಹೋಳಿಗೆಯೂ ಬಿದ್ದಿತ್ತು.

“ನೋಡ್ರಿ ಅಜ್ಜಾರ! ಅರ್ಧ ಹೊತ್ತಿನಾಗ ಎರಡರಷ್ಟು ತಂದೀನಿ.”

ಅಜ್ಜಾರು ಜೋಳಿಗೆ ಬಿಚ್ಚಿ ಹರಡಿದರು. ರೊಟ್ಟಿಗಳನ್ನು ಒಂದೊಂದಾಗಿ ಸರಿಸಿದರು. ಹೋಳಿಗೆಯನ್ನು ಎತ್ತಿ ಅದರ ಕೆಳಗೂ ನೋಡಿದರು.

“ಮುರಿದ ರೊಟ್ಟಿ ಎಲ್ಲೈತಿ?”

“ಇವತ್ತ ಎಲ್ಲಾ ಇಡೀವ ಅದಾವ್ರಿ.”

ಅಜ್ಜಾರು ಎದ್ದರು. ಮೂಲೆಯಲ್ಲಿದ್ದ ಬಡಿಗೆ ತೆಗೆದುಕೊಂಡರು. ಒಂದು ತುತ್ತೂ ಮುಟ್ಟದೆ ಹೊರಟರು. ನಾನು ಜೋಳಿಗೆ ಕಟ್ಟಿಕೊಂಡು ಹಿಂದೆ ನಡೆದೆ.

ಊರು ದಾಟಿದೆವು. ಹಳ್ಳ ದಾಟಿದೆವು. ಬಿಸಿಲು ನೆತ್ತಿಗೆ ಬಂದಿತ್ತು. ಅಜ್ಜಾರು ಏರಿನಲ್ಲಿ ನಿಂತು ನಿಂತು ಉಸಿರು ತೆಗೆದುಕೊಂಡರು.

ತಿಪ್ಪವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಾಟು. ಅದರ ಮೇಲೆ ಇನ್ನೊಂದು ತಾಟು ಮುಚ್ಚಿತ್ತು.

“ಯಾಕೋ ಇಷ್ಟೊತ್ತು? ಲಾರಿ ಪಂಕ್ಚರ್ ಆಗಿತ್ತೇನು?” ಎಂದಳು ನನಗೆ. ಅಜ್ಜಾರನ್ನು ಕಂಡು ಸೆರಗು ತಲೆಗೆ ಎಳೆದುಕೊಂಡಳು.

“ಉಂಡೇನಬೇ?” ಎಂದು ಅಜ್ಜಾರು ಕೇಳಿದರು.

“ಕೊಟ್ಟ ಮ್ಯಾಲಲ್ಲೇನ್ರಿ ಉಣ್ಣೋದು? ನಿಂತು ನಿಂತು ಮೊಣಕಾಲು ಹಿಡದಾವು. ಈ ಮೂಳ ಹಳ್ಳದಾಗ ಜಾರಿ ಬಿದ್ದನೇನೋ ಅಂತ ಜೀವ ಬ್ಯಾರೆ ಹಾರಾಕತ್ತಿತ್ತು.”

ರೊಟ್ಟಿ ಮುರಿದಳು. ಆರಿ ಬಿರುಸಾಗಿತ್ತು; ಮುರಿದ ಸಪ್ಪಳ ಕೇಳಿತು. ಅರ್ಧ ಜೋಳಿಗೆಗೆ ಹಾಕಿದಳು. ಉಳಿದ ಅರ್ಧ ಹಿಡಿದು ಹೊಸ್ತಿಲ ಮೇಲೆ ಕೂತು ತಿನ್ನಲು ಶುರು ಮಾಡಿದಳು. ಹಸಿದವರು ತಿನ್ನುವ ಹಾಗೆ ತಿಂದಳು.

ತಿರುಗಿ ಬರುವಾಗ ಅಜ್ಜಾರಿಗೆ ಹೇಳಿದೆ.

“ಆಕಿ ಕಾಯ್ತಾಳ ಅಂತ ಫೋನಿಗೆ ಗೊತ್ತಿರಲಿಲ್ರಿ.”

“ನಿನಗ?”

ನಾನು ಹಳ್ಳದ ಕಲ್ಲು ನೋಡುತ್ತ ನಡೆದೆ.

“ಅದನ್ನ ಏನಂತ ಕೇಳಿದ್ದಿ?”

“ಜೋಳಿಗಿ ಲಗೂನ ಹೆಂಗ ತುಂಬತೈತಿ ಅಂತ.”

“ತುಂಬಿಸ್ತು?”

“ತುಂಬಿಸ್ತರಿ.”

“ಮತ್ತ ತಪ್ಪು ಅದರ ಮ್ಯಾಲ ಯಾಕ ಹಾಕ್ತಿ?”

ಹೊತ್ತು ಮುಳುಗುವಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಧೋತರ ಒಗೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮತ್ತೆ ಫೋನು ತೆಗೆದೆ. ನನಗೆ ಎಲ್ಲಕ್ಕಿಂತ ಲಾಭದ ಕೆಲಸ ಯಾವುದು ಎಂದು ಕೇಳಿದೆ.

“ನೀವು ಇಷ್ಟಪಟ್ಟ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ,” ಎಂದು ಅದು ಶುರು ಮಾಡಿತು.

ಅಷ್ಟರಲ್ಲಿ ಒಂದು ಕರೆ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ.

“ಯಾರದು?”

“ದಾವಲಸಾಬ ಅಂತರಿ. ಹೈವೇ ಮ್ಯಾಲ ಲಾರಿ ನಿಲ್ಲೋ ಜಾಗ ಐತಿ ಅವಂದು. ಚಹಾದ ಒಲಿ, ಮಲಗಾಕ ಒಂದಿಷ್ಟು ಹೊರಸು.”

“ಯಾಕ ಫೋನ ಮಾಡ್ತಾನ?”

“ಬಾ ಅಂತಾನ್ರಿ. ನಾ ಲಾರಿ ಬಿಟ್ಟಾಗಿಂದ ಇದ ಹಾಡು.”

“ಏನ ಕೆಲಸಕ್ಕ?”

“ಕೆಲಸ ಅನ್ನಾಕ ಬರಂಗಿಲ್ರಿ ಅದಕ್ಕ. ಡ್ರೈವರು ಬಂದು ಮಲಗತಾರ. ಹೇಳಿದ ಹೊತ್ತಿಗೆ ಎಬ್ಬಸಬೇಕು. ಎದ್ದವನ ಮಾರಿ ನೋಡಬೇಕು. ನಿದ್ದಿ ಸಾಲದಿದ್ರ ಕೀಲಿಕೈ ಕಸಗೊಂಡು, ಬೈದು, ಮತ್ತ ಮಲಗಸಬೇಕು. ಅದಕ್ಕೊಂದು ಹೆಸರೂ ಇಲ್ಲ.”

“ನಿನಗ ಆ ಮಾರಿ ಗೊತ್ತಾಗ್ತೈತಿ?”

“ಅದೊಂದು ಗೊತ್ತಾಗ್ತೈತ್ರಿ. ಗಾಡಿಯಿಂದ ಇಳಿಯೋದು ನೋಡಿದ್ರ ಸಾಕು.”

“ಇದನ್ನ ನಿನ್ನ ಫೋನಿಗೆ ಹೇಳಿದಿ?”

ನೆನಪಾಯಿತು. ಮೊದಲ ದಿನವೇ ಅದು ಕೇಳಿತ್ತು: ಈಗಾಗಲೇ ಯಾರಾದರೂ ನಿಮ್ಮನ್ನು ಕೆಲಸಕ್ಕೆ ಕರೆದಿದ್ದಾರೆಯೇ?

“ಅದ ಕೇಳಿತ್ರಿ.”

“ನೀ ಏನಂದಿ?”

“ಯಾರೂ ಇಲ್ಲ ಅಂದೆ.”

ಅಜ್ಜಾರು ಧೋತರವನ್ನು ನೀರಲ್ಲಿ ಜಾಲಿಸಿದರು. “ಯಾಕ ಹಂಗಂದಿ?”

ನಾನು ಮೆಟ್ಟಿಲ ಪಾಚಿಯನ್ನು ಉಗುರಿನಿಂದ ಕೆರೆದೆ.

“ಕರೆದವರ ಹತ್ತಿರ ಹೋದ್ರ ಎದ್ದು ಬರಾಕ ತ್ರಾಸ ಆಗ್ತೈತ್ರಿ.”

ಫೋನು ಮತ್ತೆ ಬಡಿದುಕೊಂಡಿತು. ನನ್ನ ಹೆಬ್ಬೆರಳು ಕೆಂಪು ಗುರುತಿನ ಕಡೆ ಹೋಯಿತು.

ಅಜ್ಜಾರು ಧೋತರ ಹಿಂಡುತ್ತ ಹೇಳಿದರು: “ಆ ಕಡೆನೂ ಒಬ್ಬ ತಿಪ್ಪವ್ವ ನಿಂತಾಳ.”

ಫೋನು ಎತ್ತಿದೆ.

“ಎತ್ತಿದ್ರೇನ್ರಿ ಸಾಹೇಬ್ರ!” ದಾವಲಸಾಬನ ದನಿ ಹೊಳೆಯಾಚೆಗೂ ಕೇಳುವಂತಿತ್ತು. “ಏನ ಮಂತ್ರಿಗಿಂತ್ರಿ ಆಗೀಯೇನ?”

“ಇಲ್ಲೋ ದಾವಲಣ್ಣ. ಒಂದೀಟು ಕೆಲಸದಾಗಿದ್ದೆ.”

“ಏನ ಕೆಲಸ?”

“ಕೆಲಸ ಹುಡುಕೋ ಕೆಲಸ.”

ಗಟ್ಟಿಯಾಗಿ ನಕ್ಕ. ಕೆಮ್ಮಿದ. ಆಮೇಲೆ ದನಿ ಇಳಿಸಿದ.

“ಯಮನ್ಯಾ, ಮೊನ್ನೆ ಒಬ್ಬಾಂವ ನನ್ನ ಮಾತು ಕೇಳದ ಹೊಂಟ. ಕಣ್ಣು ಕೆಂಡ ಆಗಿದ್ವು. ಕೀಲಿಕೈ ಕಸಗೊಳ್ಳಾಕ ಹೋದೆ. ಈ ಕೈಯಾಗ ಬಲ ಎಲ್ಲೈತಿ? ಕೊಡವಿ ಹೋದ. ಮುಂದಿನ ಸೇತುವೆ ದಾಟಲಿಲ್ಲ.”

“ಬದುಕ್ಯಾನ?”

“ಬದುಕ್ಯಾನ. ಒಂದು ಕಾಲು ಉಳೀಲಿಲ್ಲ. ನಂದು ಮುದುಕನ ಮಾತು, ಹುಡುಗೂರು ಕೇಳಂಗಿಲ್ಲ. ನಿಂದು ಕೇಳ್ತಾರ. ಬಾಗಿಲ ಹತ್ತರದ ಹೊರಸು ಖಾಲಿ ಇಟ್ಟೀನಿ. ಎಷ್ಟ ಗದ್ದಲ ಇದ್ರೂ ಅದರ ಮ್ಯಾಲ ಯಾರನ್ನೂ ಮಲಗಸಿಲ್ಲ. ಬರ್ತೀಯೋ ಇಲ್ಲೋ ಅಷ್ಟ ಹೇಳು. ಬರಂಗಿಲ್ಲ ಅಂದ್ರ ಹಾಸಿಗಿ ಸುತ್ತಿಡ್ತೀನಿ.”

“ನಾಳೆ ಹೇಳ್ತೀನಿ,” ಎಂದು ಇಟ್ಟೆ.

ಅಜ್ಜಾರು ಧೋತರವನ್ನು ಕಲ್ಲಿನ ಮೇಲೆ ಹರವಿ ಮಠದ ಕಡೆ ಹೋದರು. ನಾನೊಬ್ಬನೇ ಉಳಿದೆ. ಎಐಗೆ ಈ ಸಲ ಉಳಿದದ್ದನ್ನೂ ಹೇಳಿದೆ. ಒಬ್ಬ ಕರೆಯುತ್ತಿದ್ದಾನೆ, ಆ ಕೆಲಸಕ್ಕೆ ಹೆಸರಿಲ್ಲ, ಸಂಬಳ ಏನೆಂದು ಕೇಳಿಲ್ಲ ಎಂದೆ.

“ಇದನ್ನು ಹೇಳಿದ್ದು ಒಳ್ಳೆಯದಾಯಿತು,” ಎಂದಿತು. “ಅವರು ನಿಮ್ಮನ್ನೇ ಏಕೆ ಕರೆಯುತ್ತಿದ್ದಾರೆ?”

ಹೇಳಿದೆ. ಒಂದು ಸಲ ನಾನೂ ಕೆಂಡದಂಥ ಕಣ್ಣಿನಲ್ಲಿ ಅಲ್ಲಿಂದ ಹೊರಟವನು. ದಾವಲಸಾಬ ನನ್ನ ಕೈ ತಿರುವಿ ಕೀಲಿಕೈ ಕಸಿದಿದ್ದ. ಬಾಯಿಗೆ ಬಂದಂತೆ ಬೈದಿದ್ದೆ. ಹೊತ್ತು ಏರುವ ತನಕ ಮಲಗಿ ಎದ್ದು, ಅವನ ಕೈಯ ಚಹಾ ಕುಡಿದು, ಅವನಿಗೆ ಹೇಳದೆ ಹೋಗಿದ್ದೆ. ಮುಂದೆ ಆ ದಾರಿಯಲ್ಲಿ ಬಂದಾಗಲೆಲ್ಲ ಅಲ್ಲೇ ನಿಲ್ಲುತ್ತಿದ್ದೆ. ತೂಕಡಿಸುವ ಹುಡುಗರು ಕಂಡರೆ ನಾನೇ ಹೋಗಿ ಕೀಲಿಕೈ ಕಸಿಯುತ್ತಿದ್ದೆ.

ಫೋನು ಕೇಳಿತು:

“ಹಾಗಾದರೆ ನನ್ನಿಂದ ನೀವು ಇನ್ನೇನು ತಿಳಿಯಬೇಕು, ಯಮನಪ್ಪ ಅವರೇ?”

ಹೈವೇ ಕಡೆಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದೆ. ಹೇಳಿತು. ಹೊಳೆಯ ಗುಂಟ ನಡೆದರೆ ನಿಲ್ದಾಣ ಹತ್ತಿರ ಎಂದೂ ಹೇಳಿತು.

ಬೆಳಗಾದ ಮೇಲೆ ದಾವಲಸಾಬನಿಗೆ ನಾನೇ ಫೋನು ಮಾಡಿದೆ. “ಹಾಸಿಗಿ ಸುತ್ತಬ್ಯಾಡ,” ಎಂದೆ. ಅವನ ಬೈಗುಳ ಪೂರ್ತಿ ಕೇಳಿಸಿಕೊಂಡೆ.

ಚೀಲ ತೆರೆದು ಕೂತೆ. ಎರಡು ಅಂಗಿ ಮಡಚಿಟ್ಟೆ. ಲುಂಗಿ, ಚಾರ್ಜರು, ಕಣ್ಣಿಗೆ ಬಿಡುವ ಔಷಧ. ಜೋಳಿಗೆಯನ್ನು ಝಾಡಿಸಿ ಗೂಟಕ್ಕೆ ತೂಗುಹಾಕಲು ಹೋದೆ. ಅಜ್ಜಾರು ಕೈ ಚಾಚಿ ಇಸಿದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

ಕಾಲು ಮುಟ್ಟಿ ನಮಸ್ಕರಿಸಿದೆ. ಏಳಲಾಗಲಿಲ್ಲ, ಒಂದು ಮಾತು ಉಳಿದಿತ್ತು.

“ಅಜ್ಜಾರ, ಅಲ್ಲಿಂದನೂ ಒಂದ ದಿನ ಎದ್ದು ಹೋದ್ರ ಏನ ಮಾಡ್ಲಿ?”

ಅಜ್ಜಾರು ಬಡಿಗೆ ತೆಗೆದುಕೊಂಡು ಬಾಗಿಲ ಕಡೆ ನಡೆದರು. ನಾನು ಚೀಲದ ಬಾಯಿ ಕಟ್ಟುತ್ತ ಕಾದೆ. ಹೊಸ್ತಿಲಲ್ಲಿ ನಿಂತು, ತಿರುಗದೆ ಹೇಳಿದರು:

“ಇವತ್ತ ತಿಪ್ಪವ್ವಗ ಹೇಳಿ ಹೋಗು. ನಾ ರೊಟ್ಟಿ ಇಸಗೊಂಡು ಬಂದ ಮ್ಯಾಲೂ ಆಕಿ ನಿನ್ನ ದಾರಿ ಕಾಯ್ತ ಬಾಗಿಲಾಗ ನಿಂತಿರ್ತಾಳ.”