ಪುಟ್ಟನಂಜಮ್ಮ ಕೊಡಬೇಕಿದ್ದ ಕಾರಣ

ನಮ್ಮ ಸರ್ಕಾರಿ ಶಾಲೆಗೆ ಆ ವರ್ಷ ಮೂರೇ ಮಕ್ಕಳು ಸೇರಿದ್ದರು. ಹೆಡ್‌ಮಾಸ್ಟರಾದ ನನ್ನ ಸಿಟ್ಟು ತಿರುಗಿದ್ದು ಬಿಸಿಯೂಟದ ಅಡುಗೆಯ ಪುಟ್ಟನಂಜಮ್ಮನ ಮೇಲೆ.

“ಇಲ್ಲಿ ಕೆಲಸ ಮಾಡ್ಕೊಂಡು ಮೊಮ್ಮಗಳನ್ನ ಕಾನ್ವೆಂಟಿಗೆ ಕಳಿಸ್ತೀಯಲ್ಲ, ಯಾಕೆ ಅಂತ ಬರೆದುಕೊಡು!” ಎಂದು ಎಲ್ಲರೆದುರು ಬಿಳಿ ಹಾಳೆ ಕೊಟ್ಟೆ.

ಆಕೆ ಹಾಳೆಯನ್ನು ಮೆಲ್ಲಗೆ ನನ್ನ ಮೇಜಿನ ಮೇಲೇ ಇಟ್ಟಳು. “ನಂಗೆ ನೋಡ್ಕೊಂಡು ಬರೆಯೋಕಷ್ಟೇ ಬರೋದು, ಮೇಷ್ಟ್ರೇ. ನಿಮ್ಮ ಮಗನೂ ಅದೇ ಕಾನ್ವೆಂಟ್ ವ್ಯಾನಲ್ಲಿ ಹೋಗ್ತಾನಲ್ಲ, ನಿಮ್ಮ ಕಾರಣ ಮೊದಲು ಬರೆದಿಡಿ. ನಾನು ನೋಡಿ ಹಂಗೇ ಬರ್ಕೋತೀನಿ.”

ದಿನಾಂಕ ಹಾಕಿದೆ. ‘ವಿಷಯ’ ಎಂದು ಬರೆದು ಅಡಿಗೆರೆ ಎಳೆದೆ. ಮುಂದೆ ಪೆನ್ನು ಓಡಲಿಲ್ಲ.

ಮಧ್ಯಾಹ್ನ ಸಾರಿನ ಸೌಟು ಹಿಡಿದು ಬಂದಳು. “ಬರೆದಾಯ್ತಾ, ಮೇಷ್ಟ್ರೇ?”

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ನಾಲ್ವರು ಮೇಷ್ಟ್ರುಗಳೂ ಎತ್ತಲಿಲ್ಲ. ಅವರ ಮಕ್ಕಳೂ ಅದೇ ವ್ಯಾನಿನವರು.