ಸಿಂಹಾಸನದ ಕಾಲಿನ ತೇವ

ಕೆಂಗೋಟೆಯ ನಾಲ್ಕೂ ಬಾಗಿಲಲ್ಲಿ ತಮಟೆ ಬಡಿದು ಸಾರಿದರು: "ಕೇಳ್ರಪ್ಪೋ ಕೇಳಿ. ದೊರೆ ಹಂಪರಸರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದವನಿಗೆ ಅಮಾವಾಸ್ಯೆ ದಿನ ತಲೆದಂಡ."

ಒಗಟು ಹುಟ್ಟಿದ್ದು ಸಭಾಮಂಟಪದಲ್ಲಿ. ದಿನಾ ಬೆಳಿಗ್ಗೆ ಸಿಂಹಾಸನದ ಕಾಲು, ಪಕ್ಕದ ಕಂಬ, ಬಾಗಿಲಿನ ಮೂಲೆ ಒದ್ದೆಯಾಗಿರುತ್ತಿದ್ದವು. ಇದು ಯಾರೋ ಎರಚಿದ ಮಾಟದ ನೀರು ಎಂದು ದೊರೆಗೆ ಅನುಮಾನ. ಮಂಟಪ ಗುಡಿಸುವ ಸಂಕವ್ವನನ್ನು ಹಿಡಿದು ಸೆರೆಗೆ ಹಾಕಿಸಿದರು. ಅವಳು ಒಳಗಿದ್ದರೂ ತೇವ ನಿಲ್ಲಲಿಲ್ಲ. ಹಾಗಾದರೆ ಅವಳಿಗೆ ಜೊತೆಗಾರರಿದ್ದಾರೆ ಎಂದು ಅನುಮಾನ ಇನ್ನೂ ಬೆಳೆಯಿತು. ಅವಳ ತಲೆಗೂ ಅಮಾವಾಸ್ಯೆಯೇ ಗಡುವು.

ಮೊದಲು ಬಂದವರು ಜೋಯಿಸರು. ದೊರೆ ಒಗಟು ಹೇಳಿದರು. "ನನ್ನ ಮಂಟಪದಲ್ಲಿ ದಿನಾ ಮಳೆ. ಸೂರು ಸೋರಿಲ್ಲ, ಕೊಡ ಉರುಳಿಲ್ಲ, ಮಂಡಿಯೆತ್ತರ ದಾಟಿಲ್ಲ. ಸುರಿಸುವವನು ಯಾರು? ಶುದ್ಧ ಮಾಡಿದಷ್ಟೂ ಅದು ಅದೇ ಜಾಗಕ್ಕೆ ಮರಳಿ ಬರುತ್ತದೆ. ಯಾಕೆ? ಇಷ್ಟು ಕಾವಲು ದಾಟಿಸಿ ನನ್ನ ಸಿಂಹಾಸನದವರೆಗೆ ಹಗೆಯನ್ನು ಕರೆತರುವವನು ಯಾರು?"

"ಇದು ವರುಣನ ಮುನಿಸು, ಮಹಾಸ್ವಾಮಿ."

"ಮುನಿದ ವರುಣ ಮಂಡಿಯೆತ್ತರಕ್ಕೇ ನಿಲ್ಲುತ್ತಾನೋ? ಯಾರನ್ನು ಮುಚ್ಚಿಡುತ್ತಿದ್ದೀರಿ, ಜೋಯಿಸರೇ?" ಜೋಯಿಸರು ಸೆರೆಗೆ ಹೋದರು.

ಕುದುರೆ ದಳದ ರಾವುತ ದೊರೆಯ ತಮ್ಮನ ಹೆಸರು ಹೇಳಿದ. "ಆ ಹೆಸರನ್ನು ನಿನ್ನ ಬಾಯಿಗೆ ಹಾಕಿದವರು ಯಾರು?" ಎಂದು ರಾವುತನನ್ನೂ ತಮ್ಮನನ್ನೂ ಒಟ್ಟಿಗೆ ಒಳಗೆ ಹಾಕಿಸಿದರು. ಅರಮನೆಯಲ್ಲಿ ಆಮೇಲೆ ಯಾರೂ ಯಾರ ಪಕ್ಕದಲ್ಲೂ ಕೂತು ಉಣ್ಣಲಿಲ್ಲ.

ಅಮಾವಾಸ್ಯೆಗೆ ಇನ್ನೆರಡೇ ದಿನ ಇರುವಾಗ ಸಂಕವ್ವನ ತಮ್ಮ ಕೆಂಚ ಬಂದ. ಊರೂರು ತಿರುಗಿ, ಸಿಕ್ಕಿದ ಕೆಲಸ ಮಾಡಿ, ಸಿಕ್ಕಿದ ಜಗುಲಿಯಲ್ಲಿ ಮಲಗುವವನು. ಒಳಗೆ ಕಾಲಿಡುತ್ತಲೇ ಮೂಗು ಸುಕ್ಕಿಸಿದ.

"ಇಲ್ಲಿ ಗಂಜಲ ಎರಚೋರು ಯಾರು, ಬುದ್ಧಿ?"

ಅರಮನೆಯ ಪಾರುಪತ್ಯಗಾರ ಗುರುಸಿದ್ದಯ್ಯ ಮುಂದೆ ಬಂದರು. "ನಾನೇ ಎರಚಿಸುತ್ತೇನೆ. ದೋಷ ಕಂಡ ಜಾಗಕ್ಕೆಲ್ಲ ದಿನಾ ಗೋವಿನ ಗಂಜಲ. ಅದರಲ್ಲೇನು ತಪ್ಪು ನಿನಗೆ?"

"ಕೇಳಿದೆ ಅಷ್ಟೆ, ಅಯ್ಯನೋರೆ."

"ನೀನು ಅವಳ ತಮ್ಮನಲ್ಲವೇ?" ಎಂದರು ದೊರೆ. "ಅವಳೇ ಹೇಳಿ ಕಳಿಸಿರಬೇಕು."

"ಅವಳ ಮುಖ ನೋಡೋಕೂ ಬಿಟ್ಟಿಲ್ವಲ್ಲ, ಬುದ್ಧಿ. ತಮ್ಮ ಊರುಗೋಲು ತರಿಸಿ, ಸಿಂಹಾಸನಕ್ಕೆ ಒರಗಿಸ್ತೀರಾ?"

ದೊರೆ ಕಣ್ಣು ಕಿರಿದು ಮಾಡಿದರು. ಆದರೂ ಕೋಲು ಬಂತು. ದೊರೆ ನಂಬುತ್ತಿದ್ದ ಜೀವ ಅರಮನೆಯಲ್ಲಿ ಒಂದೇ, ಅವರ ಬೇಟೆನಾಯಿ ಭೈರ. ಅದು ಎದ್ದು ಬಂದು ಕೋಲನ್ನು ಬುಡದಿಂದ ಮೂಸಿತು. ಮತ್ತೆ ಮೂಸಿತು. ಬೆನ್ನ ಕೂದಲು ನಿಂತಿತು. ಆಮೇಲೆ ಹಿಂಗಾಲು ಎತ್ತಿ, ತುಂಬಿದ ಸಭೆಯಲ್ಲಿ, ಕೋಲಿಗೂ ಸಿಂಹಾಸನದ ಕಾಲಿಗೂ ಸೇರಿಸಿ ಹನಿಸಿತು. ಸಭೆಯವರು ಚಾವಣಿ ನೋಡಿದರು.

"ಮಳೆ ಸುರಿಸೋನು ಇವನೇ," ಎಂದ ಕೆಂಚ. "ಗಂಡುನಾಯಿ. ಉಚ್ಚೆ ಕಟ್ಟಿ ಬಂದು ಹೊಯ್ಯೋದಲ್ಲ ಇದು. ತನ್ನ ಜಾಗದಲ್ಲಿ ಬೇರೆಯೋರ ವಾಸನೆ ಬಂತು ಅಂದ್ರೆ ಇದಕ್ಕೆ ಅನುಮಾನ. ಅದರ ಮೇಲೆ ತನ್ನ ಗುರುತು ಹಾಕ್ತದೆ."

"ಎರಡನೆಯದು?"

"ಅಯ್ಯನೋರು ಶುದ್ಧಕ್ಕೆ ಅಂತ ಗಂಜಲ ಎರಚಿಸ್ತಾರೆ. ನಮಗೆ ಅದು ಮಡಿ. ಇವನಿಗೆ ಅದೂ ಇನ್ನೊಬ್ಬರ ಉಚ್ಚೆ. ತನ್ನ ಗುರುತನ್ನ ಯಾರೋ ಅಳಿಸಿ ಹೋದ್ರು ಅಂದ್ಕೊಂಡು ಮತ್ತೆ ಹಾಕ್ತಾನೆ."

ಗುರುಸಿದ್ದಯ್ಯನವರ ಮುಖ ಇಳಿಯಿತು. ದೊರೆ ಮೂರನೆಯದನ್ನು ಕೇಳಲಿಲ್ಲ, ಕಾದರು.

"ಹೇಳಿದ್ರೆ ತಲೆ ಉಳಿಸ್ತೀನಿ ಅಂತ ಮಾತು ಕೊಡಿ, ಬುದ್ಧಿ."

"ಕೊಡುವುದಿಲ್ಲ."

ಕೆಂಚ ಸೆರೆಮನೆ ಇದ್ದ ಕಡೆ ಒಮ್ಮೆ ನೋಡಿದ.

"ಹಗೆಯನ್ನ ಒಳಗೆ ತರೋರು ತಾವೇ. ಕಂಬಳಿ ಹೊದ್ದು, ಈ ಕೋಲು ಹಿಡಿದು, ಜನ ಏನಂತಾರೆ ಅಂತ ಕೇಳೋಕೆ ರಾತ್ರಿ ಕೆರೆಕಟ್ಟೆಗೆ ಬರ್ತೀರಿ. ನಾನೂ ಅಲ್ಲೇ ಮಲಗೋನು. ತಾವು ಕಿವಿ ಕೊಟ್ಟು ಕೂತಿರ್ತೀರಿ, ಬೀದಿನಾಯಿಗಳು ಬಂದು ತಮ್ಮ ಕೋಲಿಗೆ ಕಾಲೆತ್ತಿ ಹೋಗ್ತವೆ. ಅದನ್ನ ತಂದು ಸಿಂಹಾಸನಕ್ಕೆ ಒರಗಿಸ್ತೀರಿ. ಇವನಿಗೆ ಊರ ನಾಯಿಯೆಲ್ಲ ಮನೆಗೆ ನುಗ್ಗಿದ ಹಾಗೆ."

ದೊರೆ ತಾವೇ ಕೋಲು ತೆಗೆದುಕೊಂಡು ತುದಿಯನ್ನು ಮೂಸಿ ನೋಡಿ, ಮುಖ ತಿರುಗಿಸಿದರು.

"ನಾನು ಎಲ್ಲರನ್ನೂ ಅನುಮಾನಿಸಿದೆ," ಎಂದರು. "ನನ್ನನ್ನು ಅನುಮಾನಿಸಿದ್ದು ಈ ನಾಯಿಯೊಂದೇ. ಆದರೆ ಮಾತು ನಂಬಿ ನನಗೆ ಅಭ್ಯಾಸವಿಲ್ಲ. ಅಮಾವಾಸ್ಯೆ ಬೆಳಿಗ್ಗೆ ಈ ಕಾಲು ಒಣಗಿದ್ದರೆ ನೀನು ಉಳಿದೆ."

ಕೆಂಚ ಹೇಳಿದಂತೆ ಮಾಡಿಸಿದರು. ಗಂಜಲ ನಿಲ್ಲಿಸಿ, ಬಿಸಿನೀರು, ಅಂಟುವಾಳದ ನೊರೆ ಹಾಕಿ ವಾಸನೆ ಹೋಗುವ ತನಕ ಉಜ್ಜಿದರು. ಕೋಲು, ಕಂಬಳಿ ಹೊರಬಾಗಿಲಲ್ಲೇ ಉಳಿದವು. ಭೈರನ ಅನ್ನದ ತಟ್ಟೆಯನ್ನು ಸಿಂಹಾಸನದ ಬುಡದಲ್ಲೇ ಇಟ್ಟರು. ಉಣ್ಣುವ ಜಾಗಕ್ಕೆ ನಾಯಿ ಕಾಲೆತ್ತದು ಎಂದ ಕೆಂಚ. ಏಳುತ್ತಲೇ ಅದನ್ನು ತೋಟಕ್ಕೆ ಕರೆದೊಯ್ದು, ಅಲ್ಲಿ ಹೊಯ್ದಾಗ ಬೆನ್ನು ಸವರಿದ. ಒಳಗೆ ಕಾಲೆತ್ತಲು ಹೊರಟರೆ ಹೊಡೆಯದೆ, ಚಪ್ಪಾಳೆ ತಟ್ಟಿ ಹೊರಗೆ ಎಳೆದೊಯ್ದ.

ಅಮಾವಾಸ್ಯೆ ಬೆಳಿಗ್ಗೆ ದೊರೆ ಅಂಗೈಯಿಂದ ಸಿಂಹಾಸನದ ಕಾಲು ಮುಟ್ಟಿದರು. ಒಣಗಿತ್ತು. ಕಂಬ ಮುಟ್ಟಿದರು. ಮೂಲೆಗೂ ಹೋಗಿ ಬಗ್ಗಿ ಮುಟ್ಟಿದರು.

ಸೆರೆಯ ಬಾಗಿಲು ತೆಗೆಸಲು ತಾವೇ ಹೋದರು. ದೊರೆಯ ತಮ್ಮ, ಜೋಯಿಸರು, ರಾವುತ ಹೊರಬಂದರು. ಕೊನೆಗೆ ಸಂಕವ್ವ.

"ಏನಾಗಿತ್ತಂತೋ?" ಎಂದು ಕೆಂಚನನ್ನು ಕೇಳಿದಳು.

"ನಾಯಿ, ಅಕ್ಕ."

"ಅದನ್ನೇ ಅಲ್ವೇನೋ ನಾನು ಮೊದಲ ದಿನ ಅಯ್ಯನೋರಿಗೆ ಹೇಳಿದ್ದು? ದೊರೆ ನಾಯಿ ಮೇಲೆ ಚಾಡಿ ಹೇಳ್ತೀಯಾ ಅಂದ್ರು. ಸಂಜೆಗೆ ಬಂದು ನನ್ನ ಕೈ ಕಟ್ಟಿದ್ರು."

ದೊರೆ ಗುರುಸಿದ್ದಯ್ಯನವರ ಕಡೆ ತಿರುಗಿದರು. ಅವರು ನೆಲ ನೋಡುತ್ತಿದ್ದರು. ದೊರೆ ಬೈಯಲಿಲ್ಲ. ಕೈ ಚಾಚಿ, ಅವರ ಸೊಂಟದ ಬೀಗದ ಕೈಗೊಂಚಲು ಇಸಿದುಕೊಂಡು ಸಂಕವ್ವನ ಕೈಗಿಟ್ಟರು.

"ನಿನಗೇನು ಬೇಕಯ್ಯ?" ಎಂದು ಕೆಂಚನನ್ನು ಕೇಳಿದರು.

"ತಮ್ಮ ಯಾವ ಠಾಣೆಯಲ್ಲೂ ನನ್ನ ಗಂಟು ಬಿಚ್ಚಿಸಬಾರದು, ಬುದ್ಧಿ."

"ಅದರಲ್ಲಿ ಏನಿಟ್ಟಿದ್ದೀಯೆ?" ಎಂದು ಕೇಳಲು ದೊರೆ ಬಾಯಿ ತೆರೆದವರು, ಮುಚ್ಚಿಕೊಂಡು, ಠಾಣೆಯವರಿಗೆ ತೋರಿಸಲು ತಮ್ಮ ಮುದ್ರೆಯುಂಗುರ ಬಿಚ್ಚಿ ಕೊಟ್ಟರು.